ಹಳ್ಳದ ಜೀವ, ಬಾವಿಯ ನೀರು

"ದಿನಕ್ಕ ಗೇಣುದ್ದ ನಡಿಯೋ ಜೀವ, ಎರಡ ದಿನದಾಗ ಎಲ್ಲಿ ಮಟ ಹೋದೀತು?"

ಆಮ್ರಪಾಲಿ ಯಾರನ್ನೂ ಕೇಳಿದ್ದಲ್ಲ. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ನಿಂತು, ಕೈಗಳನ್ನು ಮೊಳಕೈವರೆಗೆ ಮರಳಿನಲ್ಲಿ ಹೂತು, ಅತ್ತಿಮಡುವಿನ ತಳವನ್ನು ತಡಕುತ್ತಿದ್ದಳು. ಇನ್ಸ್‌ಪೆಕ್ಟರ್ ಅನುರಾಧಾ ದಂಡೆಯ ಮಣ್ಣನ್ನು ನೋಡುತ್ತ ನಡೆದಾಡುತ್ತಿದ್ದಳು. ಭಾನುವಾರ, ಬೆಳಗಿನ ಏಳು ಗಂಟೆ. ಕಣಗಲಾ ಕಡೆಯ ಹೆದ್ದಾರಿಯಲ್ಲಿ ಓಡುವ ಲಾರಿಗಳ ಸದ್ದು ನೀರಿನ ಸದ್ದಿನೊಳಗೆ ಬೆರೆತು ಬರುತ್ತಿತ್ತು.

ಮಡುವಿನ ಕಪ್ಪೆಚಿಪ್ಪುಗಳೆಲ್ಲ ಕಾಣೆಯಾದದ್ದು ಶುಕ್ರವಾರ ಗೊತ್ತಾಗಿತ್ತು. 'ನಾನ ಒಯ್ದೇನ್ರಿ' ಎಂದು ಒಪ್ಪಿಕೊಂಡ ಕೂಲಿಯ ಹುಡುಗ ಲಖನ, ಆ ಎರಡು ಶಬ್ದಗಳ ಆಚೆ ಇನ್ನೊಂದು ಮಾತಾಡದೆ ಠಾಣೆಯಲ್ಲಿ ಕುಳಿತಿದ್ದ.

ನಿನ್ನೆ ಸಂಜೆ ಹಿಡಿದು ತಂದ ಅವನನ್ನು ಇಂದು ಸಂಜೆಯೊಳಗೆ ಹುಕ್ಕೇರಿಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ನಾಳೆ ಗೋಕಾಕದಲ್ಲಿ ಇಳಿದುಕೊಂಡಿರುವ ತಜ್ಞರ ಸಮಿತಿ ಈ ಮಡು ನೋಡಲು ಬರಬೇಕು. ಸಮಿತಿ ನೋಡುವವರೆಗೆ ಮಡುವಿನ ಒಂದು ಹಿಡಿ ಮರಳನ್ನೂ ಮುಟ್ಟಬಾರದೆಂದು ಕೋರ್ಟಿನ ಆದೇಶವಿತ್ತು. ಚಿಪ್ಪು ಇದ್ದರೆ ಆ ಆದೇಶ ಉಳಿಯುತ್ತದೆ. ಇಲ್ಲದಿದ್ದರೆ ಮಂಗಳವಾರ ಇಲ್ಲಿ ಮರಳಿನ ಯಂತ್ರ ಇಳಿಯುತ್ತದೆ.

"ಸತ್ತಿದ್ರ ಖಾಲಿ ಚಿಪ್ಪರ ಇರಬೇಕಿತ್ತು" ಎಂದಳು ಆಮ್ರಪಾಲಿ, ನೀರಿನಿಂದ ಮೇಲೆ ಬರುತ್ತ. ಮೂಡಲಗಿಯ ಹುಡುಗಿ. ಎರಡು ವರ್ಷದಿಂದ ಸಂಶೋಧನೆಗೆಂದು ಈ ಹಳ್ಳವನ್ನು ಓದುತ್ತಿದ್ದಳು. ಮರಳಿನ ಕಾಳು ಎಷ್ಟು ದಪ್ಪ, ಅತ್ತಿಮರದ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಯಾವ ಮೀನಿನ ಕಿವಿರಿಗೆ ಅಂಟಿಕೊಂಡು ಚಿಪ್ಪಿನ ಮರಿ ಬೆಳೆಯುತ್ತದೆ, ಎಲ್ಲವೂ ಅವಳ ವಹಿಯಲ್ಲಿದ್ದವು. ಮೊದಲು ಹೊಳೆಯುದ್ದಕ್ಕೂ ಇದ್ದ ಈ ಜಾತಿ ಈಗ ನಾಲ್ಕೈದು ಮಡುಗಳಿಗೆ ಬಂದು ನಿಂತಿತ್ತು. ಒಂದೊಂದು ಚಿಪ್ಪಿನ ಬೆನ್ನ ಮೇಲೂ ಅವಳು ಉಗುರಿನ ಕೆಂಪು ಬಣ್ಣದಲ್ಲಿ ಅಂಕಿ ಬರೆದಿದ್ದಳು.

"ಮುನ್ನೂರಕ್ಕ ಹೆಚ್ಚಿದ್ವು ಮೇಡಂ. ಕದ್ದಾಂವ ಆದ್ರ ದೊಡ್ಡುವಷ್ಟ ಆರಿಸ್ಕೋತಾನ. ಇಲ್ಲಿ ಉಗುರಿನಷ್ಟು ಮರೀನೂ ಬಿಟ್ಟಿಲ್ಲ. ಮರಳ ಜರಡಿ ಹಿಡದ ತಗದಾರ."

ಅನುರಾಧಾ ಆ ಮಾತನ್ನೇ ಹಿಡಿದು ನಿಂತಳು.

"ನಾಶಾ ಮಾಡಾವ್ರು ಜರಡಿ ಹಿಡೀತಾರೇನು?"

"ಯಾಕ ಹಿಡೀತಾರ್ರಿ. ಒಂದ ಚೀಲಾ ಬ್ಲೀಚಿಂಗ್ ಪೌಡರ್ ಸುರುವಿದ್ರ ಮುಗೀತು."

"ಹಂಗಂದ್ರ ಇದು ಸಿಟ್ಟಿನ ಕೆಲಸಾ ಅಲ್ಲ. ಭಾಳ ಜ್ವಾಕಿಯಿಂದ ಮಾಡ್ಯಾರ."

ಅತ್ತಿಮರದ ಬೇರಿನ ಮರೆಯಲ್ಲಿ, ಹಸಿ ಮಣ್ಣಿನ ಮೇಲೆ, ಒಂದರ ಮೇಲೊಂದು ಬಿದ್ದ ದುಂಡನೆಯ ಗುರುತುಗಳಿದ್ದವು. ತಳ ಊರಿದ ಯಾವುದೋ ಪಾತ್ರೆ. ಆದರೆ ಪ್ರತಿ ದುಂಡಿನ ನಡುಮಧ್ಯೆ ಇನ್ನೊಂದು ಸಣ್ಣ ಬಳೆಯಂಥ ಗುರುತು ಒತ್ತಿತ್ತು.

ಕಾನ್‌ಸ್ಟೆಬಲ್ ಹೊಳೆಪ್ಪ ಕುಕ್ಕರಗಾಲಿನಲ್ಲಿ ಕೂತು ನೋಡಿದ. "ಗ್ಯಾಸ್ ಸಿಲಿಂಡರ್ ಇರಬೇಕ್ರಿ ಮೇಡಂ."

"ಹಳ್ಳದಾಗ ಸಿಲಿಂಡರ್ ತಂದು ಯಾರ ಅಡಗಿ ಮಾಡ್ಯಾರ?"

"ನಮ್ಮೂರ ಹಳ್ಳದಾಗ ಮಾಡ್ತಾರ್ರಿ. ಹೆಂಡ್ರು ಮನಿಯೊಳಗ ಕೋಳಿ ತರಗೊಡಂಗಿಲ್ಲ."

ಆಮ್ರಪಾಲಿಗೂ ಒಂದು ಕ್ಷಣ ನಗು ಬಂತು. ಅನುರಾಧಾ ನಗಲಿಲ್ಲ. ಗುರುತುಗಳು ಮಡುವಿನಿಂದ ಕಬ್ಬಿನ ಬದುವಿನ ಕಡೆಗೆ ಹೊರಟಿದ್ದವು. ಹತ್ತು ಹೆಜ್ಜೆಗೊಂದು, ಹೊತ್ತವನು ದಣಿದು ಇಳಿಸಿದಲ್ಲೆಲ್ಲ. ಎಲ್ಲಿಯೂ ನೀರು ಚೆಲ್ಲಿದ, ಎಳೆದಾಡಿದ ಕುರುಹಿಲ್ಲ. ಬದು ದಾಟಿದರೆ ಲಖನ ಕೂಲಿ ಮಾಡುವ ಮನೆ. ಆ ಮನೆಯ ಯಜಮಾನ ಗೊಮ್ಮಟೇಶ. ಮಡುವಿನ ಈ ದಂಡೆ ಅವನದು. ಅದನ್ನು ಮರಳಿಗೆಂದು ಗುತ್ತಿಗೆದಾರ ಕಾಶಿನಾಥನಿಗೆ ಬರೆದುಕೊಟ್ಟವನೂ ಅವನೇ.

"ನಡೀರಿ" ಎಂದಳು ಅನುರಾಧಾ.

*

ಗೊಮ್ಮಟೇಶ ಬಿಳಿ ಜುಬ್ಬಾ ತೊಟ್ಟು ಕಟ್ಟೆಯ ಮೇಲೆ ಕುಳಿತಿದ್ದ. ಅವರನ್ನು ಕಂಡೊಡನೆ ಎದ್ದು, ಮೊಬೈಲನ್ನು ಕಿಸೆಗೆ ಹಾಕಿಕೊಂಡ.

"ಬರ್ರಿ ಮೇಡಂ. ಲಖನನ ವಿಷಯ ಕೇಳಿ ನಮಗೂ ಭಾಳ ಕೆಟ್ಟ ಅನಸೇತಿ. ಚಲೋ ಹುಡುಗ. ಕಾಶಿನಾಥನ ಮಂದಿ ಅಂವನ ತಲಿ ತಿರುವಿರಬೇಕು."

"ಕಾಶಿನಾಥಗ ದಂಡಿ ಕೊಟ್ಟಾವ್ರು ನೀವಲ್ಲಾ?"

"ದಂಡಿ ಕೊಟ್ಟೇನ್ರಿ. ಬುದ್ಧಿ ಕೊಟ್ಟಿಲ್ಲ."

ಅವನು ನಕ್ಕು ಒಳಗಿನಿಂದ ನೀರಿನ ಬಾಟಲಿಗಳನ್ನು ತರಿಸಿದ. ಅಂಗಡಿಯ ಬಾಟಲಿ, ಮುಚ್ಚಳ ಒಡೆಯದವು. ಹೊಳೆಪ್ಪ ಬಾಟಲಿಯನ್ನು ತಿರುಗಿಸಿ ನೋಡಿದ.

"ಇದೇನ್ರಿ ಸಾವಕಾರ, ನಿಮ್ಮ ಮನ್ಯಾಗ ಬಾವಿ ನೀರ ಬಿಟ್ಟು ಬ್ಯಾರೇದು ಕುಡಸಾಂಗಿಲ್ಲಲ್ಲ?"

"ಬಾವಿ ನೀರಂದ್ರೇನಪಾ, ಅದೂ ಆ ಹಳ್ಳದ ಝರಿನ. ಬ್ಯಾರೆ ನೀರಲ್ಲ. ಹಳ್ಳಕ್ಕ ಏನಾಗೇತೋ ಯಾಂವ ಬಲ್ಲ ಅಂತ ಬಾಟ್ಲಿ ತರಸೇನಿ."

ಅನುರಾಧಾ ಬಾಟಲಿಯನ್ನು ತೆರೆಯದೆ ಕಟ್ಟೆಯ ಮೇಲಿಟ್ಟಳು. ಮನೆಯ ಹಿಂದೆ ಯಾರೋ ಮೆಲ್ಲನೆ, ರಾಗವಾಗಿ, ಮಂತ್ರ ಹೇಳುತ್ತಿದ್ದರು. ದನಿ ಮುದಿಯದು, ನಡುನಡುವೆ ಒಣಗಿ ನಿಲ್ಲುತ್ತಿತ್ತು. ಅನುರಾಧಾ ಆ ದನಿಯ ಜಾಡು ಹಿಡಿದು ಹಿತ್ತಲಿಗೆ ನಡೆದಳು.

ಬಾವಿಯ ಪಕ್ಕದಲ್ಲಿ ಕಮಲಾಬಾಯಿ ನಿಂತಿದ್ದರು. ಗೊಮ್ಮಟೇಶನ ತಾಯಿ. ಎಪ್ಪತ್ತು ದಾಟಿದವರು, ಬಿಳಿ ಸೀರೆ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಸೋಸುವ ಬಟ್ಟೆ. ಜೈನರ ದಶಲಕ್ಷಣ ಹಬ್ಬದ ಕೊನೆಯ ಮೂರು ದಿನ ಉಪವಾಸವಿದ್ದು, ಮೂರು ರಾತ್ರಿ ಬಸದಿಯಲ್ಲೇ ಕಳೆದು, ಆಗಷ್ಟೇ ಮನೆಗೆ ಮರಳಿದ್ದರು. ತುಟಿ ಬಿರಿದಿತ್ತು. ತಮ್ಮ ಕೈಯಿಂದ ಸೇದಿ, ಸೋಸಿದ ನೀರಿನಿಂದಲೇ ಉಪವಾಸ ಬಿಡುವುದು ಅವರ ಪದ್ಧತಿ. ಆದರೆ ಬಾವಿಗೆ ಮುಚ್ಚಿದ ಕಬ್ಬಿಣದ ಜಾಳಿಗೆಗೆ ಬೀಗ ಬಿದ್ದಿತ್ತು.

"ಗುರುವಾರ ಸಂಜಿಮುಂದ ಹೋಗೂಮುಂದ ಕೀಲಿ ಗೂಟಕ್ಕ ಹಾಕಿದ್ನಿ" ಎಂದರು ಅವರು, ಪೊಲೀಸರನ್ನು ಕಂಡು ಬೆರಗಾಗದೆ. "ಬಸದಿಗಿ ಕೀಲೀನೂ ಒಯ್ಯಂಗಿಲ್ರಿ ನಾವು. ಈಗ ಬಂದ ನೋಡಿದ್ರ ಇಲ್ಲ. ಗೊಮ್ಮಟಾ ಹುಡುಕೂಣು ಅಂತಾನ, ಹುಡುಕವೊಲ್ಲ."

ಸ್ವಲ್ಪ ದೂರದಲ್ಲಿ, ದನದ ಕೊಟ್ಟಿಗೆಯ ಗೋಡೆಗೆ ಒರಗಿ, ಲಖನನ ತಾಯಿ ರಾಯವ್ವ ಕುಳಿತಿದ್ದಳು. ಇಪ್ಪತ್ತೆರಡು ವರ್ಷ ಈ ಹಿತ್ತಲನ್ನು ಗುಡಿಸಿದವಳು, ಇವತ್ತು ಕಸಬರಿಗೆ ಮುಟ್ಟಿರಲಿಲ್ಲ. ಮಗನನ್ನು ಬಿಡಿಸಿಕೊಡುವವರೆಗೆ ಏಳುವುದಿಲ್ಲವೆಂದು ನಿನ್ನೆಯಿಂದ ಹಾಗೆಯೇ ಕೂತಿದ್ದಾಳೆಂದು ಹೊಳೆಪ್ಪ ಪಿಸುಗುಟ್ಟಿದ.

ಅನುರಾಧಾಳ ಕಣ್ಣು ಬಾವಿಯ ಕಟ್ಟೆಯ ಮೇಲಿದ್ದ ಹಿತ್ತಾಳೆಯ ಬಾಲ್ದಿಯ ಮೇಲೆ ನಿಂತಿತ್ತು. ಹೋಗಿ ಅದನ್ನು ಬೋರಲು ಹಾಕಿದಳು.

ತಳದ ನಡುಮಧ್ಯೆ ಒಂದು ಕಬ್ಬಿಣದ ಬಳೆ ಬೆಸೆದಿತ್ತು.

"ಇದೇನ್ರಿ ಅಮ್ಮಾರ, ತಳಕ್ಕ ಬಳಿ?"

ಕಮಲಾಬಾಯಿಯ ಮುಖದಲ್ಲಿ ಮೊದಲ ಸಲ ಸಂತೋಷ ಕಾಣಿಸಿತು. ಕಲಿಸುವುದು ಅವರಿಗೆ ಪ್ರಿಯವೆಂದು ತಿಳಿಯುತ್ತಿತ್ತು. "ನೀರ ಸೋಸಿದಮ್ಯಾಲ ಬಟ್ಟ್ಯಾಗ ಸಣ್ಣ ಸಣ್ಣ ಜೀವ ಉಳೀತಾವಲ್ರಿ, ಅವನ್ನ ಜೀವಾಣಿ ಅಂತೇವಿ. ತಿರುಗಿ ನೀರಿಗೇ ಬಿಡಬೇಕು. ಮ್ಯಾಲಿಂದ ಸುರುವಿದ್ರ ಪೆಟ್ಟಾಗಿ ಸಾಯ್ತಾವು. ಅದಕ್ಕ ಬಾಲ್ದಿ ನೀರಿಗೆ ಮುಟ್ಟೂ ಮಟ ಇಳಿಬಿಟ್ಟು, ಈ ತಳದ ಬಳಿಗೆ ಕಟ್ಟಿದ ಇನ್ನೊಂದ ಹಗ್ಗಾ ಎಳದ್ರ, ಬಾಲ್ದಿ ಅಲ್ಲೇ ಸಾವಕಾಶ ಬಗ್ಗತೈತಿ. ಜೀವಕ್ಕ ಗೊತ್ತ ಆಗಂಗಿಲ್ಲ."

"ಹಳ್ಳದ ದಂಡಿ ಮ್ಯಾಲ ಈ ಬಳಿ ಗುರುತು ಐತ್ರಿ ಅಮ್ಮಾರ. ಮಡುವಿನಿಂದ ನಿಮ್ಮ ಬದುವಿನ ಮಟ."

ಕಮಲಾಬಾಯಿ ಹಿಂಜರಿಯಲಿಲ್ಲ.

"ಇರತೈತಿ. ನಾನ ತರಸೇನಿ."

ರಾಯವ್ವ ತಲೆ ಎತ್ತಿದಳು.

"ಮಷೀನು ಇಳಿತೈತಿ, ಎಲ್ಲಾ ಜಜ್ಜಿ ಹೋಗ್ತಾವು ಅಂತ ಗೊತ್ತಾತು. ಈ ಹುಡುಗಿ" ಎಂದು ಅವರು ಆಮ್ರಪಾಲಿಯ ಕಡೆ ತೋರಿದರು, "ಹೋದ ತಿಂಗಳ ಒಂದ ಚಿಪ್ಪ ತಂದ ನನ್ನ ಅಂಗೈ ಮ್ಯಾಲ ಇಟ್ಟಿದ್ಲು. ಅಜ್ಜಿ, ಇದೂ ನಿಮ್ಮಂಗ ನೀರ ಸೋಸೇ ಕುಡೀತೈತಿ ಅಂದ್ಲು. ಅವತ್ತಿಂದ ನಿದ್ದಿ ಹತ್ತಲಿಲ್ರಿ ನನಗ. ಗುರುವಾರ ಮುಂಜಾನಿಂದ ಲಖನ ಹೊತ್ತ ಹೊತ್ತ ತಂದಾ. ಒಂದೂ ಒಡದಿಲ್ಲ. ಎಲ್ಲಾ ಈ ಬಾವ್ಯಾಗ ತಣ್ಣಗ ಅದಾವು. ಕೀಲಿ ಸಿಕ್ರ ತೋರಸ್ತೇನಿ. ಲಖನನ್ನ ಬಿಡ್ರಿ, ಅಂವಂದೇನು ತಪ್ಪ? ಹಬ್ಬ ಮುಗೂ ಮಟ ಯಾರ ಮುಂದೂ ಹೇಳಬ್ಯಾಡಾ ಅಂತ ನಾನ ಆಣಿ ಹಾಕಿಸಿದ್ನಿ."

ಆಮ್ರಪಾಲಿ ಆಗಲೇ ಬಾವಿಯ ಕಟ್ಟೆಗೆ ಓಡಿದ್ದಳು. "ಜೀವ ಅದಾವು ಮೇಡಂ. ಬಾವ್ಯಾಗ ಒಂದ ವಾರಾ ತಡೀತಾವು. ಇವತ್ತ ತಿರುಗಿ ಮಡುವಿಗೆ ಹಾಕೂಣು, ನಾಳಿ ಸಮಿತಿ ನೋಡ್ತೈತಿ. ಎಲ್ಲಾ ಸರಿ ಹೋಗ್ತೈತಿ."

"ಹೊಳೆಪ್ಪ, ಬೀಗಾ ಒಡೀ."

ಮನೆಯ ಹಿಂಬಾಗಿಲಲ್ಲಿ ಗೊಮ್ಮಟೇಶ ಬಂದು ನಿಂತಿದ್ದ. "ಕೀಲಿ ಹುಡುಕಾಕತ್ತೇನಲ್ರಿ ಮೇಡಂ. ಒಂದ ತಾಸ ತಡೀರಿ."

ಹೊಳೆಪ್ಪ ಕಲ್ಲೆತ್ತಿ ಬೀಗದ ಮೇಲೆ ಹಾಕಿದ. ಮೂರನೆಯ ಪೆಟ್ಟಿಗೆ ಬೀಗ ಕಳಚಿತು. ಜಾಳಿಗೆಯನ್ನೂ ಅದರ ಮೇಲಿನ ತಾಡಪತ್ರಿಯನ್ನೂ ಸರಿಸಿದಾಗ, ಬಾವಿಯೊಳಗಿಂದ ಗಾಳಿ ಮೇಲೆ ಬಂತು.

ಕೊಳೆತ ವಾಸನೆಯಲ್ಲ, ಮೊದಲು ಬಂದದ್ದು. ಆಸ್ಪತ್ರೆಯ ನೆಲ ತೊಳೆದಾಗ ಮೂಗಿಗೆ ಹತ್ತುವ ಖಾರ. ಆಮೇಲೆ ಕೊಳೆತದ್ದು.

"ಬ್ಲೀಚಿಂಗ್ ಪೌಡರ್" ಎಂದ ಹೊಳೆಪ್ಪ. ಈ ಸಲ ಅವನು ತಮಾಷೆ ಮಾಡಲಿಲ್ಲ.

ಒಳಗೋಡೆಯ ಕಲ್ಲಿನ ಸಂದಿಯಲ್ಲಿ ಬಿಳಿಯ ಪುಡಿ ಹೆಪ್ಪುಗಟ್ಟಿತ್ತು. ಆಳುದ್ದದ ನೀರಿನ ಮೇಲೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೊಳೆಪ್ಪ ಅದೇ ಹಿತ್ತಾಳೆ ಬಾಲ್ದಿಯನ್ನು ಇಳಿಬಿಟ್ಟು ತಳ ಗೀರಿ ಎಳೆದ. ಕಟ್ಟೆಯ ಮೇಲೆ ಸುರಿದಾಗ ಚಿಪ್ಪುಗಳು ಕಲ್ಲಿಗೆ ಬಡಿದು ಸದ್ದಾಯಿತು. ಎಲ್ಲವೂ ಬಾಯಿ ತೆರೆದಿದ್ದವು. ಬೆನ್ನ ಮೇಲಿನ ಕೆಂಪು ಅಂಕಿಗಳು ಹಾಗೆಯೇ ಇದ್ದವು.

ಆಮ್ರಪಾಲಿ ಒಂದನ್ನು ಎತ್ತಿಕೊಂಡು ದುಪಟ್ಟಾದ ತುದಿಯಿಂದ ಒರೆಸಿದಳು. ನೂರಾ ಹದಿನೇಳು.

"ಅಜ್ಜಿ, ನಿಮ್ಮ ಅಂಗೈ ಮ್ಯಾಲ ಇಟ್ಟಿದ್ದು ಇದನ."

ಕಮಲಾಬಾಯಿ ಅದನ್ನು ಮುಟ್ಟಲಿಲ್ಲ. ಸೋಸುವ ಬಟ್ಟೆ ಅವರ ಕೈಯಿಂದ ಜಾರಿತು. ತಮಗೆ ತಾವೇ ಪಾಠ ಒಪ್ಪಿಸುವಂತೆ ನುಡಿದರು:

"ಯಾವ ನೀರಿಂದ ತಗದ್ಯೋ ಆ ನೀರಿಗೇ ಬಿಡಬೇಕು ಅಂತ ನಮ್ಮತ್ತಿ ಹೇಳಿದ್ರು. ಬ್ಯಾರೆ ನೀರಾಗ ಬಿಟ್ರ ಕೊಂದಂಗ. ಐವತ್ತ ವರ್ಷ ತಪ್ಪಿಲ್ಲ ನಾ. ಈ ಬಾವಿಗೆ ಪಂಚಾಯ್ತಿಯವ್ರು ಪೌಡರ್ ಹಾಕಾಕ ಬಂದ್ರ ಅಡ್ಡ ನಿಂತೇನಿ."

"ಮತ್ತ ಈ ಸಲ ಯಾಕ ತಪ್ಪಿದ್ರಿ?" ಅನುರಾಧಾ ಮೆತ್ತಗೆ ಕೇಳಿದಳು.

"ಬಾವಿ ನೀರೂ ಆ ಹಳ್ಳದ ಝರಿನ, ಬ್ಯಾರೆ ನೀರಲ್ಲ ಅಂತ..."

ಅವರು ಅಲ್ಲಿಗೇ ನಿಂತರು. ನಿಲ್ಲಿಸಿದ್ದು ತಡವಾಯಿತು. ಅದೇ ಮಾತನ್ನು, ಅದೇ ಓಟದಲ್ಲಿ, ಅನುರಾಧಾ ಅರ್ಧ ತಾಸಿನ ಹಿಂದೆ ಮುಂಗಟ್ಟೆಯ ಮೇಲೆ ಗೊಮ್ಮಟೇಶನ ಬಾಯಿಂದ ಕೇಳಿದ್ದಳು.

"ಯಾರ ಹೇಳಿದ್ರಿ ಅಮ್ಮಾರ?"

ಮುದುಕಿ ಬಾವಿಯನ್ನು ನೋಡಿದರು. ಮುರಿದ ಬೀಗವನ್ನು ನೋಡಿದರು. ಗೂಟದಿಂದ ಕಾಣೆಯಾದ ಕೀಲಿಯ ಲೆಕ್ಕ ಅವರೊಳಗೆ ಕೂಡುತ್ತಿದ್ದುದು ಮುಖದ ಮೇಲೇ ಕಾಣುತ್ತಿತ್ತು. ಯಾರು ಮಷೀನಿನ ಸುದ್ದಿ ತಂದರು, ಯಾರು ಬಾವಿ ತೋರಿಸಿದರು, ಅವರು ಬಸದಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಯಾರು. ಹಿಂಬಾಗಿಲ ಕಡೆಗೆ ಮಾತ್ರ ಅವರು ತಿರುಗಲಿಲ್ಲ.

"ಯಾರೂ ಹೇಳಿಲ್ಲ. ನನ್ನ ತಲ್ಯಾಗ ಬಂತು."

"ಪೌಡರ್?"

"ಅದೂ ನಾನ. ನೀರ ಶುದ್ಧ ಇರಲಿ ಅಂತ ಹಾಕಿದ್ನಿ. ಬರ್ಕೋರಿ."

"ಕೀಲಿ ಇರಲಿಲ್ಲಲ್ರಿ ನಿಮ್ಮ ಹತ್ರ."

"ಇತ್ತು. ಸೆರಗಿನ್ಯಾಗ ಇತ್ತು. ವಯಸ್ಸಾತು, ಮರತ ಬಿಟ್ಟೇನಿ."

"ಅಮ್ಮಾರ" ಎಂದಳು ಅನುರಾಧಾ, "ಸೋಸದ ನೀರು ಕುಡೀದ ನೀವು ಬಾವಿಗೆ ಪೌಡರ್ ಹಾಕಿದ್ರಿ ಅಂದ್ರ ಕೋರ್ಟಿನ್ಯಾಗ ಯಾರೂ ನಂಬಂಗಿಲ್ಲ. ಅಜ್ಜಿಗೆ ಅರವು ಇಲ್ಲ ಅಂತಾರ, ಪೌಡರ್ ಲಖನನ ಹಾಕ್ಯಾನ ಅಂತಾರ. ಹೊತ್ತಾಂವ ಅಂವನ, ಒಪ್ಪಿದಾಂವ ಅಂವನ. ನಿಮ್ಮ ಸುಳ್ಳಿನಿಂದ ಅಂವ ಹೊರಗ ಬರಂಗಿಲ್ರಿ. ಖರೆ ಹೇಳಿದ್ರ ಬರ್ತಾನ. ಮಡೂನೂ ಉಳೀತೈತಿ. ಇಲ್ಲಿ ಜೀವ ಇದ್ವು, ಬೇಕಂತ ಕೊಂದಾರ ಅಂತ ನಾಳಿ ಸಮಿತಿ ಮುಂದ ನಾ ಬರದ ಕೊಡ್ತೇನಿ. ಹಳ್ಳದ ಮ್ಯಾಲ ಕೆಳಗ ಇನ್ನೊಂದೆರಡ ಮರಿ ಎಲ್ಲೆರ ಉಳದಿದ್ರ ಅವಕ್ಕರ ಜಾಗಾ ಇರತೈತಿ. ಒಂದ ಹೆಸರು. ಅಷ್ಟ."

ಎಲ್ಲರೂ ಈಗ ನೋಡಿದ್ದು ಹಿಂಬಾಗಿಲನ್ನೇ.

ಗೊಮ್ಮಟೇಶ ನಿಧಾನವಾಗಿ ಮೆಟ್ಟಿಲಿಳಿದು ಬಂದ. ತಾಯಿಯ ಪಕ್ಕದಲ್ಲಿ ನಿಂತು, ಅವರ ಭುಜದ ಮೇಲೆ ಕೈಯಿಟ್ಟ. ಕಮಲಾಬಾಯಿ ಮುಖವೆತ್ತಿ ಮಗನನ್ನು ನೋಡಿದರು. ಆ ನೋಟದಲ್ಲಿ ಇನ್ನೂ ಒಂದು ಆಸೆ ಉಳಿದಿತ್ತು. ಈಗ ಇವನು ಬಾಯಿ ಬಿಡುತ್ತಾನೆ, 'ಆಯಿ, ನೀ ಸುಮ್ಮನಿರು' ಎನ್ನುತ್ತಾನೆ, ಎಂಬ ಆಸೆ.

"ಆಯಿ ಹೇಳೂದು ಖರೆ ಐತ್ರಿ ಮೇಡಂ" ಎಂದ ಗೊಮ್ಮಟೇಶ. "ಇತ್ತೀಚಿಗೆ ಆಕಿಗೆ ಏನ ಮಾಡ್ತೇನಿ ಅಂತ ಗೊತ್ತಾಗೂದಿಲ್ಲ. ನಾವ ಮುಚ್ಚಿಟ್ಟಿದ್ವಿ. ಮನಿ ಮಾನದ ಪ್ರಶ್ನಿ ನೋಡ್ರಿ."

ಕಮಲಾಬಾಯಿ ಮಗನ ಕೈಯನ್ನು ಭುಜದಿಂದ ತೆಗೆಯಲಿಲ್ಲ. ಅದು ಅಲ್ಲಿ ಇರುವುದೇ ತಿಳಿಯದಂತೆ ನಿಂತರು. ಆಮೇಲೆ ತಾವೇ ಅದರ ಕೆಳಗಿಂದ ಸರಿದು, ಒಂದೊಂದೇ ಹೆಜ್ಜೆ ಇಟ್ಟು, ಕೊಟ್ಟಿಗೆಯ ಗೋಡೆಯವರೆಗೆ ನಡೆದರು. ರಾಯವ್ವನ ಮುಂದೆ, ಸಗಣಿಯ ನೆಲದ ಮೇಲೆ, ಬಿಳಿ ಸೀರೆಯಲ್ಲೇ ಕುಳಿತರು.

"ರಾಯವ್ವಾ, ಇವತ್ತ ನಮ್ಮ ಕ್ಷಮಾವಣಿ. ಹತ್ತ ದಿನದ ಹಬ್ಬ ಮುಗದಮ್ಯಾಲ ಎಲ್ಲಾರಿಗೂ ಕೈ ಮುಗದ ಕ್ಷಮಾ ಕೇಳೂದು ನಮ್ಮ ಧರ್ಮ. ವರ್ಷಾ ವರ್ಷಾ ನಿನ್ನ ಮುಂದ ಬಂದ ಕೇಳ್ತೇನಿ. ನೀ ನಕ್ಕೋತ, ಬಿಡ್ರಿ ಬಾಯಾರ ಅಂತಿ."

"ಹೌದ್ರಿ" ಎಂದಳು ರಾಯವ್ವ. "ಏನ ಕೇಳ್ತೀರಿ ಅಂತ ನನಗ ತಿಳೀತಿದ್ದಿಲ್ಲ. ಅದಕ್ಕ ನಗತಿದ್ನಿ."

ಅವಳ ದನಿ ಏರಲಿಲ್ಲ.

"ಈ ಬಾವಿಗೆ ನನ್ನ ಕೊಡಾ ಮುಟ್ಟಿಲ್ಲ ಬಾಯಾರ. ಇಪ್ಪತ್ತೆರಡ ವರ್ಷ. ನೀರಡಿಸಿದ್ರ ನೀವು ಮ್ಯಾಲ ನಿಂತ ತಂಬಗಿಲೆ ಹೊಯ್ತಿದ್ರಿ, ನಾ ಕೆಳಗ ಬೊಗಸಿ ಹಿಡೀತಿದ್ನಿ. ಗುರುವಾರ ನನ್ನ ಮಗಾ ಮನಿಗೆ ಬಂದಾಂವ ಉಣ್ಣಲಿಲ್ಲ. ಎವ್ವಾ, ಇವತ್ತ ಬಾಯಾರು ಬಾವಿ ಹಗ್ಗಾ ನನ್ನ ಕೈಯಾಗ ಕೊಟ್ರು ಅಂದಾ. ಯಾಕ ಕೊಟ್ರೋ ಅಂದ್ರ, ಆಣಿ ಐತಿ, ಹೇಳಂಗಿಲ್ಲ ಅಂದಾ. ಅಂಗೈ ಬೊಬ್ಬಿ ಎದ್ದಿದ್ವು. ಅದನ್ನ ನೋಡ್ಕೋತ ಕುಂತಿದ್ದಾ. ಖುಷಿ ಆಗಿದ್ದಾ ಅಂವ."

ಆಮ್ರಪಾಲಿ ಮುಖ ತಿರುಗಿಸಿದಳು.

ಕಮಲಾಬಾಯಿಯ ಕಣ್ಣಿನಿಂದ ನೀರು ಬರಲಿಲ್ಲ. ಮೂರು ದಿನದ ಉಪವಾಸ, ಅವರಲ್ಲಿ ನೀರೇ ಉಳಿದಿರಲಿಲ್ಲ. ಎರಡು ಕೈಗಳನ್ನು ಎದೆಯ ಮಟ್ಟಕ್ಕೆ ತಂದು ಜೋಡಿಸಿದರು.

"ತಿಳದ ಮಾಡಿದ್ದು, ತಿಳೀದ ಮಾಡಿದ್ದು, ಈಗ ಮಾಡಾಕತ್ತಿದ್ದು. ಎಲ್ಲಾ ಕ್ಷಮಾ ಮಾಡ ರಾಯವ್ವಾ. ನೀ ಹೂಂ ಅನ್ನೂ ಮಟ ನಾ ನೀರ ಮುಟ್ಟಂಗಿಲ್ಲ."

ರಾಯವ್ವ ಗೋಡೆ ಹಿಡಿದು ಎದ್ದಳು. ಸೀರೆಗೆ ಹತ್ತಿದ ಮಣ್ಣು ಕೊಡವಿದಳು. ಬಾವಿಯ ಕಟ್ಟೆಯ ಬಳಿ ನಿಂತಿದ್ದ ಗೊಮ್ಮಟೇಶನನ್ನು ಒಮ್ಮೆ ನೋಡಿ, ಕೆಳಗೆ ಕುಳಿತ ಮುದುಕಿಯ ಕಡೆ ತಿರುಗಿದಳು.

"ನಿಮ್ಮ ಮಗನ್ನ ಹೊಟ್ಟ್ಯಾಗ ಮುಚ್ಚಿಟ್ಟ ಕೇಳಾಕತ್ತೀರಿ. ನಾನೂ ಹಡದೇನ್ರಿ."

"ರಾಯವ್ವಾ..."

"ಇಲ್ರಿ ಬಾಯಾರ. ಮಾಡಂಗಿಲ್ಲ."